ಮೂರು ಕೊಡ ನೀರಿನ ಹೂದೋಟ

ಶಿವರಾತ್ರಿ ಕಳೆಯಿತೆಂದರೆ ನಮ್ಮ ವಿಜಯಪುರ ಸೀಮೆಯಲ್ಲಿ ಬಿಸಿಲಿನ ಆಳ್ವಿಕೆ ಆರಂಭವಾದಂತೆಯೇ. ಯುಗಾದಿಯ ಹೊತ್ತಿಗೆ ಎರೆಯ ಭೂಮಿ ಬಾಯಿ ಬಿಡುತ್ತದೆ. ಬಸವ ಜಯಂತಿ ಬರುವ ವೇಳೆಗೆ ಉಷ್ಣಾಂಶವು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಧ್ಯಾಹ್ನದ ಗಾಳಿ ಒಲೆಯ ಝಳದಂತೆ ಮುಖಕ್ಕೆ ಬಡಿಯುತ್ತದೆ. ಇಂತಹ ದಿನಗಳಲ್ಲಿ ಮನುಷ್ಯರೇ ನೆರಳನ್ನು ಹುಡುಕುವಾಗ, ನಿಂತ ಜಾಗದಿಂದ ಕದಲಲಾರದ ಹೂಗಿಡಗಳ ಪಾಡೇನು? ಮನೆಯ ಮುಂದೆ ನಾಲ್ಕು ಕುಂಡಗಳನ್ನಿಟ್ಟುಕೊಂಡ ಪ್ರತಿಯೊಂದು ಕುಟುಂಬವೂ ಪ್ರತಿ ಬೇಸಿಗೆಯಲ್ಲಿ ಎದುರಿಸುವ ಪ್ರಶ್ನೆಯಿದು.

ನಮ್ಮ ಮನೆಗಳಲ್ಲಿ ಹೂದೋಟವೆಂಬುದು ಕೇವಲ ಅಂದಕ್ಕಾಗಿ ಇರುವುದಲ್ಲ. ಬೆಳಗಿನ ಲಿಂಗಪೂಜೆಗೆ ಹಿಡಿ ಹೂವು, ನಾಲ್ಕು ಪತ್ರೆ ಹಿತ್ತಿಲಿನಿಂದಲೇ ಬರಬೇಕೆಂಬುದು ಹಿರಿಯರ ಅಭಿಲಾಷೆ. ಹೆಣ್ಣುಮಕ್ಕಳ ಮುಡಿಗೆ ಒಂದು ಮೊಳ ಮಲ್ಲಿಗೆ, ಮನೆಗೆ ಬಂದ ಮುತ್ತೈದೆಯ ಕೈಗೆ ಒಂದು ಗುಲಾಬಿ, ಇವೆಲ್ಲ ಆ ಪುಟ್ಟ ತೋಟದ ದಾಸೋಹವೇ. ಆದುದರಿಂದ ಬೇಸಿಗೆಯಲ್ಲಿ ಗಿಡ ಒಣಗಿದರೆ ಮನೆಯ ಒಂದು ನಿತ್ಯಕ್ರಮವೇ ತಪ್ಪಿದಂತಾಗುತ್ತದೆ.

ಆದರೆ ಗಿಡ ಉಳಿಸುವ ಭರದಲ್ಲಿ ನಾವು ಯಾರ ನೀರನ್ನು ಯಾರಿಗೆ ಕೊಡುತ್ತಿದ್ದೇವೆ ಎಂಬುದನ್ನು ಮರೆಯುವಂತಿಲ್ಲ. ಈ ಪಾಠವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. 2024ರ ಬೇಸಿಗೆ ನಮಗೆ ಕಲಿಸಿತು.

ಒಂದು ಪ್ರಶ್ನೆ, ಒಂದು ತೀರ್ಮಾನ

2023ರ ಮುಂಗಾರು ಕೈಕೊಟ್ಟುದನ್ನು ಓದುಗ ಬಂಧುಗಳು ಮರೆತಿರಲಾರರು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅದರ ಬಿಸಿ ಮುಂದಿನ ಬೇಸಿಗೆಗೆ ತಟ್ಟಿತು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲಿಕ್ಕೂ ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ರಾಜಧಾನಿಯ ಸ್ಥಿತಿಯೇ ಹೀಗಾದ ಮೇಲೆ ನಮ್ಮ ಕಡೆಯ ಊರುಗಳ ಮಾತೇನು? ನಮ್ಮ ಮನೆಯ ಕೊಳವೆಬಾವಿ ಶಿವರಾತ್ರಿಗೆ ಮೊದಲೇ ಬತ್ತಿತು. ನಲ್ಲಿಯ ನೀರು ಹತ್ತು ದಿನಕ್ಕೊಮ್ಮೆ ಬರುತ್ತಿತ್ತು.

ಆಗ ನಮ್ಮ ಮನೆಯ ಮಾಳಿಗೆಯ ಮೇಲೂ ಅಂಗಳದಲ್ಲೂ ಸೇರಿ 42 ಕುಂಡಗಳಿದ್ದವು. ಹಿತ್ತಿಲಿನಲ್ಲಿ ನಮ್ಮ ತಾಯಿಯವರು ಮೂವತ್ತು ವರ್ಷಗಳ ಹಿಂದೆ ನೆಟ್ಟ ದುಂಡು ಮಲ್ಲಿಗೆಯ ಪೊದೆ, ಒಂದು ಬಿಲ್ವ, ಬೇಲಿಯ ಗುಂಟ ಕಣಗಿಲೆ ಇದ್ದವು. ಗಿಡಗಳಿಗೆ ನೀರು ಹೊರುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು. ಒಂದು ಸಂಜೆ ಅವಳು ಬಕೆಟ್ ಹಿಡಿದು ಮಾಳಿಗೆ ಏರುತ್ತಿದ್ದಾಗ, ಬೀದಿಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು, "ನಿಮ್ಮ ಮನ್ಯಾಗ ಹೂವಿಗೂ ನೀರೈತೇನ್ರೀ ಅಕ್ಕಾರ?" ಎಂದು ಕೇಳಿದಳಂತೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಚ್ಚರಿಯಿತ್ತು ಅಷ್ಟೆ. ಸೊಸೆ ಒಳಗೆ ಬಂದು ಬಕೆಟ್ಟನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟಳು.

ಎಂಬತ್ತು ದಾಟಿದ ನಮ್ಮ ತಾಯಿಯವರು ಅದನ್ನು ಕೇಳಿಸಿಕೊಂಡರು. ಮರುದಿನ ಪೂಜೆ ಮುಗಿಸಿ ಎದ್ದವರೇ, "ಇನ್ನೊಬ್ಬರ ಬಾಯಾಗಿನ ನೀರಲೆ ಅರಳಿದ ಹೂವು ನನಗ ಬ್ಯಾಡ. ಅಡಿಗಿಮನ್ಯಾಗ ತೊಳೆದ ನೀರು ಎಷ್ಟು ಐತಿ, ಅಷ್ಟಕ್ಕ ಗಿಡ ಇಟಗೋರಿ. ಪೂಜಿಗೆ ಒಂದು ಹೂವು ಸಾಕು, ಅದೂ ಇಲ್ಲಂದ್ರ ಪತ್ರಿ ಐತಿ" ಎಂದರು. "ಆಯಿ, ನಿಮ್ಮ ಮಲ್ಲಿಗಿ?" ಎಂದು ಸೊಸೆ ಕೇಳಿದಳು. "ಅದಕ್ಕೂ ಅದೇ ಲೆಕ್ಕ" ಎಂದರು.

ನೀರಿನ ಲೆಕ್ಕ

ಅಂದು ನಾವು ಮೊದಲ ಬಾರಿಗೆ ಮನೆಯ ನೀರನ್ನು ಅಳೆದೆವು. ಅಕ್ಕಿ, ಬೇಳೆ, ಸೊಪ್ಪು, ತರಕಾರಿ ತೊಳೆದ ನೀರು, ಕುಡಿಯುವ ನೀರಿನ ಕೊಡ ಗಲಬರಿಸಿದ ನೀರು, ಸಾಬೂನಿಲ್ಲದೆ ಕೈ ತೊಳೆದ ನೀರು ಇವುಗಳನ್ನೆಲ್ಲ ಮೋರಿಗೆ ಬಿಡದೆ ಒಂದೆಡೆ ಸೇರಿಸಿದಾಗ ಆರು ಜನರ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಕೊಡ, ಅಂದರೆ ಸುಮಾರು 36 ಲೀಟರ್ ದೊರೆಯಿತು. ಇಷ್ಟು ನೀರನ್ನು ನಾವು ದಿನವೂ ಮೋರಿಗೆ ಹರಿಸುತ್ತಿದ್ದೆವೆಂಬುದು ನಮಗೇ ನಾಚಿಕೆಯ ವಿಷಯವಾಯಿತು.

ಒಂದು ಅಡಿ ಅಗಲದ ಕುಂಡಕ್ಕೆ ಕಡುಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್ ಬೇಕೆಂದು ನಮ್ಮ ಅನುಭವ. 42 ಕುಂಡಗಳಿಗೆ 84 ಲೀಟರ್ ಬೇಕಾಗುತ್ತಿತ್ತು. ಇದ್ದುದು 36 ಲೀಟರ್. ಎಲ್ಲ ಗಿಡಗಳಿಗೂ ಸ್ವಲ್ಪ ಸ್ವಲ್ಪ ಹಂಚುವುದು ನ್ಯಾಯವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಹಾಗೆ ಮಾಡಿದರೆ ನೀರು ಮೇಲ್ಮಣ್ಣಿನಲ್ಲಿಯೇ ನಿಂತು ಆರಿಹೋಗುತ್ತದೆ, ಬೇರಿಗೆ ಮುಟ್ಟುವುದಿಲ್ಲ. ಕೊನೆಗೆ ಯಾವ ಗಿಡವೂ ಉಳಿಯುವುದಿಲ್ಲ. ಆದುದರಿಂದ ಆಯ್ಕೆ ಅನಿವಾರ್ಯ.

ನಾವು ಹೀಗೆ ವಿಂಗಡಿಸಿದೆವು. ಹನ್ನೆರಡು ಕುಂಡಗಳನ್ನು ಬಾವಿಯಿದ್ದ ಬೀಗರ ತೋಟಕ್ಕೆ ಕಳುಹಿಸಿದೆವು. ಒಂದೇ ಋತುವಿಗೆ ಅರಳಿ ಮುಗಿದಿದ್ದ ಚೆಂಡುಹೂವಿನಂತಹ ಆರು ಕುಂಡಗಳ ಆಸೆ ಬಿಟ್ಟು, ಬೀಜ ತೆಗೆದಿರಿಸಿಕೊಂಡೆವು. ಸೇವಂತಿಗೆ, ಸುಗಂಧರಾಜಗಳ ಹತ್ತು ಕುಂಡಗಳನ್ನು ವಿಶ್ರಾಂತಿಗೆಂದು ನೆರಳಿಗೆ ಸರಿಸಿದೆವು. ಸೇವಂತಿಗೆ ಚಳಿಗಾಲದಲ್ಲಿ ಅರಳುವ ಹೂವು. ಬೇಸಿಗೆಯಲ್ಲಿ ಅದರ ಬುಡದ ಮರಿಗಳು ಬದುಕಿದ್ದರೆ ಸಾಕು. ಸುಗಂಧರಾಜದ ಜೀವ ಗಡ್ಡೆಯಲ್ಲಿರುತ್ತದೆ. ಇವಕ್ಕೆ ದಿನಕ್ಕೆ ಎರಡು ಕುಂಡಗಳಂತೆ ಸರದಿಯ ಮೇಲೆ ಒಂದೊಂದು ಲೀಟರ್ ಕೊಟ್ಟೆವು. ಉಳಿದ ಹದಿನಾಲ್ಕು ಕುಂಡಗಳಲ್ಲಿದ್ದ ದಾಸವಾಳ, ಕನಕಾಂಬರ, ನಂದಿಬಟ್ಟಲು, ಗುಲಾಬಿ ಮತ್ತು ದುಂಡು ಮಲ್ಲಿಗೆಗಳಿಗೆ 28 ಲೀಟರ್. ಮಿಕ್ಕ ಆರು ಲೀಟರ್ ತಾಯಿಯವರ ಮಲ್ಲಿಗೆ ಪೊದೆಗೆ. ಬಿಲ್ವ ಮತ್ತು ಕಣಗಿಲೆಗಳು ಆಳಕ್ಕೆ ಬೇರು ಬಿಟ್ಟಿದ್ದರಿಂದ ಅವುಗಳ ಗೋಜಿಗೆ ಹೋಗಲಿಲ್ಲ.

ಪ್ರತಿಯೊಂದು ಮನೆಯ ಲೆಕ್ಕವೂ ಇದೇ ಆಗಿರಬೇಕೆಂದಿಲ್ಲ. ಆದರೆ ಮೊದಲು ನೀರನ್ನು ಅಳೆದು, ಬಳಿಕ ಗಿಡಗಳನ್ನು ಎಣಿಸುವ ಕ್ರಮ ಎಲ್ಲರಿಗೂ ಒಪ್ಪುವಂಥದು. ಈ ಕೆಲಸವನ್ನು ಫೆಬ್ರುವರಿಯಲ್ಲಿಯೇ ಮಾಡಿದರೆ ಇನ್ನೂ ಲೇಸು.

ಬೇರು ತಂಪಾಗಿರಲಿ

ಬೇಸಿಗೆಯಲ್ಲಿ ಕಾಪಾಡಬೇಕಾದುದು ಹೂವನ್ನಲ್ಲ, ಬೇರನ್ನು. ಬೇರು ಉಳಿದರೆ ಮಳೆಗೆ ಗಿಡ ತಾನಾಗಿಯೇ ಚಿಗುರುತ್ತದೆ.

ಇದಕ್ಕೆ ಮೊದಲ ಉಪಾಯವೆಂದರೆ ಮಣ್ಣಿಗೆ ಹೊದಿಕೆ. ಒಣಗಿದ ಎಲೆ, ಶೇಂಗಾ ಸಿಪ್ಪೆ, ತೆಂಗಿನ ನಾರು, ಜೋಳದ ಕಣಿಕೆಯ ಚೂರು, ಕಬ್ಬಿನ ರವದಿ ಯಾವುದು ದೊರೆತರೂ ಸರಿ, ಎರಡು ಮೂರು ಅಂಗುಲ ದಪ್ಪಕ್ಕೆ ಬುಡದ ಸುತ್ತ ಹರಡಬೇಕು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಬೇಕು. ಹೊದಿಕೆಯಿರುವ ಮಣ್ಣು ಮಧ್ಯಾಹ್ನದಲ್ಲಿಯೂ ಕೈಗೆ ತಂಪಾಗಿ ತಗಲುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ಎರೆಮಣ್ಣಿನ ಹಿತ್ತಿಲುಳ್ಳವರಿಗೆ ಇನ್ನೊಂದು ತೊಂದರೆಯುಂಟು. ಈ ಮಣ್ಣು ಒಣಗುತ್ತಿದ್ದಂತೆ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕು ಎಳೆಯ ಬೇರುಗಳನ್ನು ಹರಿಯುವುದಲ್ಲದೆ, ಆಳದ ತೇವವೂ ಅದರ ಮೂಲಕ ಆರಿಹೋಗುತ್ತದೆ. ಹೊಲದಲ್ಲಿ ರೈತರು ಎಡೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸಿ ಬಿರುಕು ಮುಚ್ಚುವುದು ಇದಕ್ಕಾಗಿಯೇ. ಹಿತ್ತಿಲಿನಲ್ಲಿಯೂ ಕುರುಪಿಯಿಂದ ಎರಡು ಅಂಗುಲ ಆಳಕ್ಕೆ ಕೆದರಿ, ಬಿರುಕಿಗೆ ಪುಡಿಮಣ್ಣು ತುಂಬಿ, ಮೇಲೆ ಹೊದಿಕೆ ಹಾಕಬೇಕು.

ಕುಂಡಗಳು ಮಾಳಿಗೆಯ ಮೇಲಿದ್ದರೆ ಕಾಯ್ದ ಗಚ್ಚಿನ ಮೇಲೆ ನೇರವಾಗಿ ಇಡದೆ ಇಟ್ಟಿಗೆಗಳ ಮೇಲೆ ಇರಿಸಬೇಕು. ಕಪ್ಪು ಬಣ್ಣದ ಪ್ಲಾಸ್ಟಿಕ್ ಕುಂಡಗಳು ಬಿಸಿಲನ್ನು ಹೀರಿ ಬೇರನ್ನು ಬೇಯಿಸುತ್ತವೆ; ಅವುಗಳ ಸುತ್ತ ಹಳೆಯ ಗೋಣಿಚೀಲ ಸುತ್ತುವುದು ಒಳ್ಳೆಯದು. ಬಿಡಿಬಿಡಿಯಾಗಿ ಇಟ್ಟ ಕುಂಡಗಳಿಗಿಂತ ಒತ್ತೊತ್ತಾಗಿ ಗುಂಪಿನಲ್ಲಿಟ್ಟ ಕುಂಡಗಳು ಒಂದರ ನೆರಳು ಮತ್ತೊಂದಕ್ಕೆ ಸಿಕ್ಕಿ ತಡವಾಗಿ ಒಣಗುತ್ತವೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಪ್ಪುವ ಪೂರ್ವದ ಗೋಡೆಯ ಬದಿ ಎಲ್ಲಕ್ಕಿಂತ ಉತ್ತಮ. ಅಂತಹ ಜಾಗವಿಲ್ಲದಿದ್ದರೆ ಪೇಟೆಯಲ್ಲಿ ದೊರೆಯುವ ಹಸಿರು ನೆರಳುಬಲೆ, ಅದೂ ಇಲ್ಲವಾದರೆ ಹಳೆಯ ಹತ್ತಿಯ ಸೀರೆಯೊಂದನ್ನು ಮೇಲೆ ಕಟ್ಟಿದರಾಯಿತು.

ನೀರುಣಿಸುವ ಬಗೆ

ಸೂರ್ಯೋದಯಕ್ಕೆ ಮುಂಚೆ ಅಥವಾ ಅದರ ಬೆನ್ನಿಗೇ ನೀರುಣಿಸುವುದು ಶ್ರೇಷ್ಠ. ಬಿಸಿಲಿನಲ್ಲಿ ಬಿದ್ದ ರಬ್ಬರ್ ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾಯ್ದಿರುತ್ತದೆ. ಅದನ್ನು ನೋಡದೆ ಗಿಡಕ್ಕೆ ಬಿಟ್ಟರೆ ಬೇರು ಬೆಂದುಹೋಗುತ್ತದೆ.

ಮಧ್ಯಾಹ್ನ ಎಲೆಗಳು ಜೋತುಬಿದ್ದ ಮಾತ್ರಕ್ಕೆ ಗಿಡಕ್ಕೆ ನೀರಡಿಕೆಯೆಂದು ಗಾಬರಿಗೊಳ್ಳಬೇಕಾಗಿಲ್ಲ. ಬಿಸಿಲಿನಿಂದ ತಪ್ಪಿಸಿಕೊಳ್ಳಲು ಗಿಡ ಕಂಡುಕೊಂಡ ದಾರಿಯೂ ಅದಾಗಿರಬಹುದು. ಸಂಜೆಗೆ ಎಲೆಗಳು ಮತ್ತೆ ಎದ್ದು ನಿಂತರೆ ಚಿಂತೆಯಿಲ್ಲ. ಬೆಳಗಿನಲ್ಲಿಯೂ ಜೋತುಬಿದ್ದಿದ್ದರೆ ಮಾತ್ರ ನಿಜವಾದ ಬಾಯಾರಿಕೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ನೆಲದಲ್ಲಿರುವ ಗಿಡಗಳಿಗೆ ಗಡಿಗೆಯ ನೀರಾವರಿಯಂತಹ ಮಿತವ್ಯಯದ ವಿಧಾನ ಇನ್ನೊಂದಿಲ್ಲ. ಕುಂಬಾರರು ಮಾಡಿದ, ಹೊಳಪಿನ ಲೇಪವಿಲ್ಲದ ಸಣ್ಣ ಗಡಿಗೆಯನ್ನು ಗಿಡದಿಂದ ಒಂದು ಗೇಣು ದೂರದಲ್ಲಿ ಕಂಠದವರೆಗೆ ಹುಗಿದು, ನೀರು ತುಂಬಿ, ಬಾಯಿಗೆ ಮುಚ್ಚಳವಿಡಬೇಕು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ. ಮಣ್ಣು ಹಸಿಯಾಗಿದ್ದಾಗ ಜಿನುಗುವುದು ಕಡಿಮೆಯಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾ ದೇಶದ ಕೃಷಿ ಗ್ರಂಥವೊಂದರಲ್ಲಿ ಈ ವಿಧಾನದ ವಿವರಣೆಯಿದೆ. ತಾಯಿಯವರ ಮಲ್ಲಿಗೆಯ ಎರಡು ಬದಿಗೆ ನಾವು ಇಂತಹ ಎರಡು ಗಡಿಗೆಗಳನ್ನು ಹುಗಿದೆವು. ಆರು ಲೀಟರ್ ನೀರಿನಲ್ಲಿ ಅಷ್ಟು ದೊಡ್ಡ ಪೊದೆ ಹಸಿರಾಗಿ ನಿಂತಿತು. ಗಡಿಗೆಗೆ ತರಕಾರಿ ತೊಳೆದ ನೀರನ್ನು ಸೋಸಿ ಹಾಕಬೇಕು. ಅಕ್ಕಿ ತೊಳೆದ ನೀರಿನಲ್ಲಿ ಗಂಜಿಯ ಅಂಶವಿರುವುದರಿಂದ ಗಡಿಗೆಯ ರಂಧ್ರಗಳು ಕಟ್ಟುತ್ತವೆ. ಅದನ್ನು ನೇರವಾಗಿ ಬುಡಕ್ಕೆ ಹಾಕಬೇಕು.

ಗಿಡಮರಗಳ ಆರೈಕೆಯನ್ನೂ ನೀರಿನ ಶೋಧವನ್ನೂ ಒಟ್ಟಿಗೆ ಚಿಂತಿಸುವುದು ಕನ್ನಡಿಗರಿಗೆ ಹೊಸತೇನಲ್ಲ. ಸುಮಾರು 1025ರಲ್ಲಿ, ಚಾಲುಕ್ಯ ಅರಸ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದವೂ ಇದೆ, ಭೂಮಿಯೊಳಗಿನ ನೀರನ್ನು ಗುರುತಿಸುವ ವಿಷಯವೂ ಇದೆ.

ಯಾವ ನೀರು ಸಲ್ಲದು

ಬಳಸಿದ ನೀರೆಲ್ಲವೂ ಗಿಡಕ್ಕೆ ಒಗ್ಗುತ್ತದೆಂದು ತಿಳಿಯಬಾರದು. 2019ರ ಬೇಸಿಗೆಯಲ್ಲಿ ನಾವು ಬಟ್ಟೆ ಒಗೆಯುವ ಯಂತ್ರದಿಂದ ಹೊರಬಂದ ನೀರನ್ನು ಜಾಣತನವೆಂದು ಭಾವಿಸಿ ಮಲ್ಲಿಗೆಯ ಕುಂಡಗಳಿಗೆ ಹಾಕಿದೆವು. ತಿಂಗಳೊಳಗೆ ಎಲೆಗಳ ಅಂಚು ಸುಟ್ಟಂತಾಯಿತು, ಮಣ್ಣು ಗಟ್ಟಿಯಾಗಿ ನೀರೇ ಇಂಗದಾಯಿತು, ಮೂರು ಗಿಡಗಳು ಸತ್ತವು. ಮಾರ್ಜಕದ ಪುಡಿಯಲ್ಲಿರುವ ಸೋಡಿಯಂ ಲವಣಗಳು ಇದಕ್ಕೆ ಕಾರಣ. ನಮ್ಮ ಎರೆಮಣ್ಣು ಮೊದಲೇ ಕ್ಷಾರಗುಣದ್ದು. ಅದಕ್ಕೆ ಈ ಲವಣವೂ ಸೇರಿದರೆ ಮಣ್ಣಿನ ಕಣಗಳು ಬೇರ್ಪಟ್ಟು, ಒಣಗಿದಾಗ ಹೆಂಟೆಯಾಗುತ್ತವೆ.

ಕುಡಿಯುವ ನೀರು ಶುದ್ಧಗೊಳಿಸುವ ಆರ್‌ಓ ಯಂತ್ರದಿಂದ ಹೊರಬೀಳುವ ನೀರಿನಲ್ಲಿಯೂ ಲವಣಾಂಶ ಹೆಚ್ಚು. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದು ಲೇಸು. ಕುಂಡದ ಅಂಚಿನಲ್ಲಿ ಸುಣ್ಣದಂತಹ ಬಿಳಿಯ ಪದರು ಕಂಡರೆ ಲವಣ ಕೂಡಿಕೊಂಡಿದೆಯೆಂದು ತಿಳಿಯಬೇಕು. ಹವಾನಿಯಂತ್ರಕ ಯಂತ್ರದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿರುವುದಿಲ್ಲ. ಅದು ಗಿಡಗಳಿಗೆ ಯೋಗ್ಯ.

ಮಾಡಬಾರದ ಕೆಲಸಗಳು, ಕೀಟಬಾಧೆ

ಕಡುಬೇಸಿಗೆಯಲ್ಲಿ ಗೊಬ್ಬರ ಹಾಕುವುದು, ಕುಂಡ ಬದಲಿಸುವುದು, ಟೊಂಗೆ ಸವರುವುದು ಈ ಮೂರೂ ಸಲ್ಲವು. ಗೊಬ್ಬರ ಕೊಟ್ಟರೆ ಎಳೆಯ ಚಿಗುರು ಬಂದು ಹೆಚ್ಚು ನೀರು ಬೇಡುತ್ತದೆ. ಮೇಲಿನ ಒಣ ಎಲೆಗಳು ಅಂದಗೆಡಿಸಿದರೂ ಕೆಳಗಿನ ಹಸಿರಿಗೆ ಕೊಡೆಯಾಗಿರುತ್ತವೆ. ಮಳೆ ಬರುವವರೆಗೆ ಅವು ಅಲ್ಲಿಯೇ ಇರಲಿ. ಗುಲಾಬಿಯ ಮೊಗ್ಗನ್ನು ಮಾತ್ರ ಚಿವುಟಿ ತೆಗೆಯಬೇಕು. ಮನಸ್ಸಿಗೆ ಕಷ್ಟವೆನಿಸಿದರೂ ಗಿಡದ ಶಕ್ತಿ ಉಳಿಯುತ್ತದೆ.

ಒಣಹವೆಯಲ್ಲಿ ದಾಸವಾಳಕ್ಕೆ ಹಿಟ್ಟುತಿಗಣೆ, ಗುಲಾಬಿ ಮಲ್ಲಿಗೆಗಳಿಗೆ ಕೆಂಪುನುಸಿ ಬಾಧೆ ಹೆಚ್ಚು. ಎಲೆಯ ಕೆಳಭಾಗಕ್ಕೆ ಸ್ವಲ್ಪ ನೀರು ಚಿಮುಕಿಸುತ್ತಿದ್ದರೆ ನುಸಿ ಹಬ್ಬುವುದಿಲ್ಲ. ಹೆಚ್ಚಾದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ಬೆರೆಯಲು ನಾಲ್ಕು ಹನಿ ಸಾಬೂನು ದ್ರಾವಣ ಕೂಡಿಸಿ, ಸೂರ್ಯಾಸ್ತದ ಬಳಿಕ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಗಿಡಗಳಿಗೆಂದು ನೀರು ಸಂಗ್ರಹಿಸುವವರು ಪಾತ್ರೆಗಳನ್ನು ತಪ್ಪದೆ ಮುಚ್ಚಿಡಬೇಕು. ಡೆಂಗಿ ಜ್ವರ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ವಾರ ಹತ್ತು ದಿನಗಳಲ್ಲಿ ಮರಿಸೊಳ್ಳೆ ಹಾರುತ್ತದೆ. ಕುಂಡದ ಕೆಳಗಿನ ತಟ್ಟೆ, ಹಕ್ಕಿಗಳಿಗೆಂದು ಇಟ್ಟ ಬಟ್ಟಲು ಇವುಗಳ ನೀರನ್ನು ದಿನಬಿಟ್ಟು ದಿನ ಬದಲಿಸಬೇಕು.

ಬರವನ್ನು ಬಲ್ಲ ಹೂಗಳು

ಹೊಸದಾಗಿ ತೋಟ ಮಾಡುವವರು ನಮ್ಮ ಸೀಮೆಯ ಬಿಸಿಲನ್ನು ಬಲ್ಲ ಗಿಡಗಳನ್ನೇ ಆರಿಸಿಕೊಂಡರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಕಣಗಿಲೆಗೆ ಬರದ ಭಯವಿಲ್ಲ; ಆದರೆ ಅದರ ಎಲ್ಲ ಭಾಗಗಳೂ ವಿಷಕಾರಿಯಾದ್ದರಿಂದ ಮಕ್ಕಳು ಬಾಯಿಗೆ ಹಾಕದಂತೆ, ದನಕರುಗಳು ಮೇಯದಂತೆ ನೋಡಿಕೊಳ್ಳಬೇಕು. ಸದಾಪುಷ್ಪವು ಗೋಡೆಯ ಸಂದಿಯಲ್ಲಿಯೂ ಅರಳುತ್ತದೆ. ಕಾಗದದ ಹೂವಿಗೆ ನೀರು ತುಸು ಕಡಿಮೆಯಾದರೇ ಹೂವು ಹೆಚ್ಚು. ಸಂಜೆಮಲ್ಲಿಗೆ ಮೇಲೆ ಒಣಗಿದರೂ ಗಡ್ಡೆ ಉಳಿದು ಮಳೆಗೆ ಚಿಗುರುತ್ತದೆ.

ಇನ್ನು ಮಲ್ಲಿಗೆಯಂತೂ ಬೇಸಿಗೆಯ ಕೂಸು. ಉಳಿದ ಗಿಡಗಳು ಬಳಲಿದಾಗ ಅದು ಮೊಗ್ಗು ತುಂಬಿಕೊಳ್ಳುತ್ತದೆ. ಹೆಸರಾಂತ ಹಡಗಲಿ ಮಲ್ಲಿಗೆ ಬೆಳೆಯುವ ಹೂವಿನ ಹಡಗಲಿ ಮಲೆನಾಡಿನ ಊರಲ್ಲ; ವಿಜಯನಗರ ಜಿಲ್ಲೆಯ ಬಯಲುಸೀಮೆಯ ಊರು. ಊರಿನ ಹೆಸರಿನಲ್ಲಿಯೇ ಹೂವನ್ನು ಸೇರಿಸಿಕೊಂಡ ಆ ನೆಲದ ಮಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿದೆ. ಬಿಸಿಲನಾಡಿಗೂ ಹೂವಿಗೂ ವಿರೋಧವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಳೆಯ ಸಿದ್ಧತೆ

ಏಪ್ರಿಲ್ ಕೊನೆಯ ಭರಣಿ ಮಳೆ, ಮೇ ತಿಂಗಳ ಕೃತ್ತಿಕೆ, ರೋಹಿಣಿ ಮಳೆಗಳು ಒಮ್ಮೊಮ್ಮೆ ಅರ್ಧ ಗಂಟೆ ಸುರಿದು ಹೋಗುತ್ತವೆ. ಆ ಅರ್ಧ ಗಂಟೆಯನ್ನು ಕಳೆದುಕೊಳ್ಳಬಾರದು. ನೂರು ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು 1,000 ಲೀಟರ್ ನೀರು. ನಮ್ಮ ಮೂರು ಕೊಡದ ಲೆಕ್ಕದಲ್ಲಿ ಅದು ಇಪ್ಪತ್ತೇಳು ದಿನಗಳ ನೀರು. ಮಾಳಿಗೆಯನ್ನು ಮೊದಲೇ ಗುಡಿಸಿ, ಹರಿನಾಳದ ಕೆಳಗೆ ಮುಚ್ಚಳವಿರುವ ಪೀಪಾಯಿ ಇಟ್ಟುಕೊಂಡ ಮನೆಯವರು ಬೇಸಿಗೆಯ ಅರ್ಧ ಭಾರವನ್ನು ಇಳಿಸಿಕೊಂಡಂತೆಯೇ.

2024ರ ಮೇ 10ರಂದು ಬಸವ ಜಯಂತಿ ಬಂದಿತು. ಹಿಂದಿನ ವರ್ಷಗಳಲ್ಲಿ ಬುಟ್ಟಿ ತುಂಬ ಹೂವು ಕೊಯ್ಯುತ್ತಿದ್ದ ನಮ್ಮ ಮನೆಯಲ್ಲಿ ಅಂದು ಸಿಕ್ಕಿದ್ದು ಒಂದು ಬೊಗಸೆ ಮಲ್ಲಿಗೆ, ಐದಾರು ಕಣಗಿಲೆ, ಹೊಸದಾಗಿ ಚಿಗುರಿದ ಬಿಲ್ವಪತ್ರೆ. ನಮ್ಮ ತಾಯಿಯವರು ಮಲ್ಲಿಗೆಯಲ್ಲಿ ಅರ್ಧವನ್ನು ಪೂಜೆಗೆ ಇಟ್ಟುಕೊಂಡು, ಉಳಿದರ್ಧವನ್ನು ಸೊಸೆಯ ಕೈಗೆ ಕೊಟ್ಟು, "ಅವತ್ತ ಕೇಳಿದಳಲ್ಲ, ಆ ತಂಗಿಗೆ ಕೊಟ್ಟು ಬಾ. ಇದು ತೊಳೆದ ನೀರಾಗ ಬೆಳದದ್ದು ಅಂತ ಹೇಳು" ಎಂದರು. ಆ ಹೆಣ್ಣುಮಗಳು ಹೂವನ್ನು ಮುಡಿದುಕೊಂಡು, ತಾನೂ ಒಂದು ಟೊಂಗೆ ನೆಡಬೇಕೆಂದು ಕೇಳಿದಳಂತೆ. ಮೃಗಶಿರಾ ಮಳೆ ಬಿದ್ದ ಮೇಲೆ ಮಲ್ಲಿಗೆಯ ಎರಡು ಟೊಂಗೆಗಳನ್ನು ಕತ್ತರಿಸಿ ಕೊಟ್ಟೆವು.

ಹದಿನಾಲ್ಕರಲ್ಲಿ ಎರಡು ಗುಲಾಬಿಗಳು ಆ ಬೇಸಿಗೆಯನ್ನು ದಾಟಲಿಲ್ಲ. ಉಳಿದ ಹನ್ನೆರಡು ಇಂದಿಗೂ ಇವೆ. ಬೀಗರ ತೋಟಕ್ಕೆ ಹೋದ ಕುಂಡಗಳನ್ನು ನಾವು ಮರಳಿ ತರಲಿಲ್ಲ. ಮೂರು ಕೊಡ ನೀರಿಗೆ ಎಷ್ಟು ಗಿಡ ಸಲ್ಲುತ್ತವೆಯೋ ಅಷ್ಟೇ ನಮ್ಮ ತೋಟವೆಂದು ತೀರ್ಮಾನವಾಗಿದೆ. ಕೊಡ ಹೊರುವ ಕಾಯಕವೂ ಈಗ ಸೊಸೆಯೊಬ್ಬಳದಲ್ಲ. ಬೆಳಿಗ್ಗೆ ಒಂದು ಕೊಡ ನಮ್ಮದು, ಒಂದು ಮಗನದು, ಒಂದು ಅವಳದು. ಓದುಗ ಬಂಧುಗಳೂ ಈ ಬೇಸಿಗೆಯಲ್ಲಿ ಮೊದಲು ತಮ್ಮ ಅಡುಗೆಮನೆಯ ಮೋರಿಗೆ ಹರಿದುಹೋಗುವ ನೀರನ್ನೊಮ್ಮೆ ಅಳೆದು ನೋಡಲಿ. ತಮ್ಮ ಹೂದೋಟ ಎಷ್ಟು ದೊಡ್ಡದಿರಬೇಕೆಂಬುದನ್ನು ಆ ನೀರೇ ಹೇಳುತ್ತದೆ.